ಕೆತ್ತಿದವನು ಒಬ್ಬ, ಮುಖ ಇನ್ನೊಬ್ಬನದು: ಹೆಸ್ಸೆಯ ‘ನಾರ್ಸಿಸಸ್ ಅಂಡ್ ಗೋಲ್ಡ್‌ಮಂಡ್’

ಗೋಲ್ಡ್‌ಮಂಡ್ ಮರದಲ್ಲಿ ಕೆತ್ತಿದ ಮೊದಲ ದೊಡ್ಡ ಮೂರ್ತಿ ಸಂತ ಯೋಹಾನನದು. ಮುಖ ಮಾತ್ರ ಗೆಳೆಯ ನಾರ್ಸಿಸಸ್‌ನದು. ಆ ಹೊತ್ತಿಗೆ ಇಬ್ಬರೂ ಬೇರೆಯಾಗಿ ವರ್ಷಗಳೇ ಕಳೆದಿವೆ. ನಡುವೆ ಒಂದು ಕಾಗದ ಇಲ್ಲ, ಒಂದು ಸುದ್ದಿ ಇಲ್ಲ. ಒಬ್ಬ ಮಠದೊಳಗೆ ಉಪವಾಸ, ಪ್ರಾರ್ಥನೆ, ಓದು ಅಂತ ಇದ್ದಾನೆ. ಇನ್ನೊಬ್ಬ ಊರೂರು ಅಲೆದು, ಹುಲ್ಲಿನ ಮೇಲೆ ಮಲಗಿ, ಸಿಕ್ಕಿದ್ದು ತಿಂದು, ಕೊನೆಗೆ ಒಬ್ಬ ಗುರುವಿನ ವರ್ಕ್‌ಶಾಪಿನಲ್ಲಿ ಉಳಿ ಹಿಡಿದು ನಿಂತಿದ್ದಾನೆ. ಕೆತ್ತುತ್ತಾ ಹೋದ ಹಾಗೆ ಅವನಿಗೆ ಅನಿಸುತ್ತದೆ: ಈ ಮೂರ್ತಿಯನ್ನು ಮಾಡುತ್ತಿರುವುದು ತಾನಲ್ಲ, ನಾರ್ಸಿಸಸ್ಸೇ ತನ್ನ ಕೈ ಬಳಸಿಕೊಂಡು ಮರದೊಳಗಿಂದ ಹೊರಗೆ ಬರುತ್ತಿದ್ದಾನೆ.

ಕಲೆ ಮತ್ತು ಗೆಳೆತನ ಎರಡನ್ನೂ ಒಟ್ಟಿಗೆ ಹಿಡಿದ ಕಾದಂಬರಿ ಯಾವುದು ಅಂತ ಯಾರು ಕೇಳಿದರೂ ನಾನು ಹೇಳುವುದು ಇದೊಂದೇ ಹೆಸರು. ಹರ್ಮನ್ ಹೆಸ್ಸೆ ಜರ್ಮನ್ ಭಾಷೆಯಲ್ಲಿ ಬರೆದದ್ದು. ಪುಸ್ತಕವಾಗಿ ಬಂದದ್ದು 1930ರಲ್ಲಿ. ಅದಕ್ಕೆ ಮೊದಲು ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ‘ಒಂದು ಗೆಳೆತನದ ಕತೆ’ ಎಂಬ ಉಪಶೀರ್ಷಿಕೆಯೂ ಇತ್ತು. ನಾನು ಓದಿದ್ದು ಉರ್ಸುಲ್ ಮೋಲಿನಾರೊ ಮಾಡಿದ 1968ರ ಇಂಗ್ಲಿಷ್ ಅನುವಾದ. ಮುನ್ನೂರು ಪುಟ ದಾಟುತ್ತದೆ. ಭಾಷೆ ಸುಲಭ, ವಾಕ್ಯಗಳು ಎಡವುವುದಿಲ್ಲ. ಪಿಯುಸಿ ಮಟ್ಟದ ಇಂಗ್ಲಿಷ್ ಬಂದರೆ ಸಾಕು.

ನಾನು ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹುಟ್ಟಿದ್ದು ಕೋಟೇಶ್ವರದ ಕಡೆ. ಅಪ್ಪಯ್ಯ ಮರದ ಕೆಲಸದವರು. ದೇವಸ್ಥಾನದ ಬಾಗಿಲುವಾಡ, ಪಲ್ಲಕ್ಕಿ, ರಥದ ಕೆತ್ತನೆ ಮಾಡುತ್ತಿದ್ದರು. ಹಾಗಾಗಿ ಕಾದಂಬರಿಯಲ್ಲಿ ಯಾರಾದರೂ ಉಳಿ, ಕೊಡತಿ ಎತ್ತಿಕೊಂಡರೆ ನಾನು ಸ್ವಲ್ಪ ಎಚ್ಚರವಾಗುತ್ತೇನೆ. ಕಲಾವಿದನ ಬಗ್ಗೆ ಬರೆಯುವವರು ಬಹಳಷ್ಟು ಸಲ ಅವನ ಕುಡಿತ, ಪ್ರೇಮ, ಬಡತನ ಬರೆಯುತ್ತಾರೆ. ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಹೆಸ್ಸೆ ಹಾಗೆ ಮಾಡಿಲ್ಲ. ಒಂದು ಮುಖ ಮನಸ್ಸಿಗೆ ಬಂದು, ಅಲ್ಲಿ ಮಾಗಿ, ಕೈಗಿಳಿದು, ಮರಕ್ಕೆ ಬರುವ ತನಕ ಎಷ್ಟು ಕಾಲ ಹಿಡಿಯುತ್ತದೆ ಅನ್ನುವುದು ಅವನಿಗೆ ಗೊತ್ತು. ಅವನು ಸ್ವತಃ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದವನು. ಮೊದಲ ಮಹಾಯುದ್ಧದ ಸಮಯದಲ್ಲಿ ಮನಸ್ಸು ಕುಸಿದು ಚಿಕಿತ್ಸೆ ಪಡೆಯುತ್ತಿದ್ದಾಗ ಕುಂಚ ಹಿಡಿದ, ಆಮೇಲೆ ಬಿಡಲೇ ಇಲ್ಲ.

ಕತೆ ನಡೆಯುವುದು ಮಧ್ಯಯುಗದ ಜರ್ಮನಿಯಲ್ಲಿ. ಮರಿಯಾಬ್ರಾನ್ ಎಂಬ ಮಠ. ಬಾಗಿಲ ಮುಂದೆ ಒಂದು ಚೆಸ್ಟ್‌ನಟ್ ಮರ. ಯಾವನೋ ಯಾತ್ರಿಕ ರೋಮ್ ಕಡೆಯಿಂದ ತಂದು ನೆಟ್ಟದ್ದು, ಆ ಸೀಮೆಗೇ ಪರದೇಶಿ. ನಾರ್ಸಿಸಸ್ ಅಲ್ಲಿ ಗ್ರೀಕ್ ಕಲಿಸುವ ತರುಣ. ವಯಸ್ಸು ಚಿಕ್ಕದು, ಬುದ್ಧಿ ದೊಡ್ಡದು, ಮುಂದೆ ಸನ್ಯಾಸಿಯಾಗುವವನು. ಗೋಲ್ಡ್‌ಮಂಡ್‌ನನ್ನು ಅವನ ಅಪ್ಪ ಕರೆತಂದು ಬಿಟ್ಟು ಹೋಗುತ್ತಾನೆ. ಮಗನೂ ಸನ್ಯಾಸಿಯಾಗಲಿ, ಮನೆ ಬಿಟ್ಟುಹೋದ ಹೆಂಡತಿಯ ಪಾಪ ಅದರಿಂದ ತೊಳೆಯಲಿ ಅನ್ನುವುದು ಅಪ್ಪನ ಲೆಕ್ಕ. ತಾಯಿಯ ಮುಖ ಹುಡುಗನಿಗೆ ನೆನಪೇ ಇಲ್ಲ. ನೆನಪಿರಬಾರದು ಅಂತಲೇ ಬೆಳೆಸಿದ್ದಾರೆ.

ಈ ಮಠ ಪೂರ್ತಿ ಕಲ್ಪನೆಯದಲ್ಲ. ಹೆಸ್ಸೆ ಹದಿನಾಲ್ಕರ ಹುಡುಗನಾಗಿ ಮೌಲ್‌ಬ್ರಾನ್‌ನ ಹಳೆಯ ಮಠದ ಶಾಲೆಯಲ್ಲಿ ಓದಿದವನು. 1147ರಲ್ಲಿ ಶುರುವಾದ ಮಠ ಅದು, ಈಗ ಯುನೆಸ್ಕೊ ಪಟ್ಟಿಯಲ್ಲಿದೆ. 1892ರ ಮಾರ್ಚ್‌ನಲ್ಲಿ ಅವನು ಅಲ್ಲಿಂದ ಓಡಿಹೋದ. ಚಳಿಯಲ್ಲಿ ಒಂದು ರಾತ್ರಿ ಹೊರಗೇ ಕಳೆದ. ಓಡಿಹೋಗುವ ಹುಡುಗನ ಬಗ್ಗೆ ಅವನು ಬರೆದಾಗ ಅದು ಕೇಳಿ ತಿಳಿದದ್ದಲ್ಲ. ಕಾದಂಬರಿಯಲ್ಲಿ ಮಠದ ಮೇಲೆ ದ್ವೇಷ ಇಲ್ಲ ಅನ್ನುವುದು ನನಗೆ ಬಹಳ ಹಿಡಿಸಿತು. ಓಡಿಬಂದ ಜಾಗವನ್ನೇ ಅಷ್ಟು ಪ್ರೀತಿಯಿಂದ ಕಟ್ಟಿಕೊಟ್ಟಿದ್ದಾನೆ. ಕಲ್ಲಿನ ಕಂಬ, ಗಂಟೆಯ ಹೊತ್ತು, ಔಷಧಿ ಸೊಪ್ಪು ಒಣಗಿಸುವ ಹಿರಿಯರು, ಎಲ್ಲ.

ಈಗ ಗೆಳೆತನದ ವಿಷಯ. ಇಲ್ಲಿ ಗೆಳೆತನ ಅಂದರೆ ಒಟ್ಟಿಗೆ ಕೂತು ಹರಟುವುದಲ್ಲ. ಇಬ್ಬರೂ ಜೊತೆಯಾಗಿರುವುದು ಮೊದಲ ಕೆಲವು ಅಧ್ಯಾಯ ಮತ್ತು ಕೊನೆಯ ಕೆಲವು ಅಧ್ಯಾಯಗಳಲ್ಲಿ ಮಾತ್ರ. ನಡುವಿನ ಉದ್ದಕ್ಕೂ ನಾರ್ಸಿಸಸ್ ಇಲ್ಲವೇ ಇಲ್ಲ. ಆದರೂ ಅವನು ಎಲ್ಲ ಕಡೆ ಇದ್ದಾನೆ. ಯಾಕೆಂದರೆ ಆರಂಭದಲ್ಲೇ ಅವನು ಒಂದು ಕಷ್ಟದ ಕೆಲಸ ಮಾಡಿರುತ್ತಾನೆ. ತನ್ನನ್ನು ಆರಾಧಿಸುವ, ತನ್ನ ಹಾಗೇ ಆಗಬೇಕು ಎಂದು ಹಠ ಹಿಡಿದಿರುವ ಹುಡುಗನಿಗೆ, ನೀನು ನನ್ನಂಥವನಲ್ಲ, ನಿನ್ನ ದಾರಿ ಇದಲ್ಲ, ನೀನು ನಿನ್ನ ಬಾಲ್ಯವನ್ನೇ ಮರೆತಿದ್ದೀಯ ಎಂದು ಹೇಳಿಬಿಡುತ್ತಾನೆ. ಆ ಮಾತು ತಾಗಿ ಗೋಲ್ಡ್‌ಮಂಡ್ ತತ್ತರಿಸುತ್ತಾನೆ. ಕಂಬದ ಮೇಲೆ ಕೆತ್ತಿದ ನಾಯಿ ತಲೆಗಳು ಅವನನ್ನೇ ದಿಟ್ಟಿಸುತ್ತವೆ. ಎಚ್ಚರ ತಪ್ಪಿ ಬೀಳುತ್ತಾನೆ. ಎಚ್ಚರವಾದಾಗ ತಾಯಿಯ ಮುಖ ವಾಪಸ್ ಬಂದಿರುತ್ತದೆ.

ಹತ್ತಿರವಿದ್ದವನನ್ನು ಹತ್ತಿರವೇ ಇಟ್ಟುಕೊಳ್ಳುವುದು ಸುಲಭ. ನಾರ್ಸಿಸಸ್‌ಗೆ ಆ ಆಸೆ ಇಲ್ಲ ಅಂತಲ್ಲ, ಅವನ ಒಂಟಿತನ ಓದುವವರಿಗೆ ಗೊತ್ತಾಗುತ್ತದೆ. ಆದರೂ ಗೆಳೆಯ ಹೋಗಲಿ ಎನ್ನುತ್ತಾನೆ, ಹೋಗಿ ತಾನೇ ಆಗಲಿ ಎನ್ನುತ್ತಾನೆ. ಕಾದಂಬರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

ನನ್ನ ಬದುಕಿನಲ್ಲೂ ಇಂಥ ಒಂದು ಮಾತು ಇದೆ. ಪಿಯುಸಿ ಮುಗಿದಾಗ ನಾನೂ ನನ್ನ ಗೆಳತಿಯೂ ಒಟ್ಟಿಗೆ ಬಿ.ಕಾಂ.ಗೆ ಅರ್ಜಿ ತಂದಿದ್ದೆವು. ಒಟ್ಟಿಗೆ ಇರಬಹುದು ಅನ್ನುವುದೊಂದೇ ನನ್ನ ಕಾರಣ. ಅರ್ಜಿ ತುಂಬಿಸುವಾಗ ಅವಳು ಹೇಳಿದಳು: “ಮಾರಾಯ್ತಿ, ನೀನು ಲೆಜರ್ ಪುಸ್ತಕದ ಅಂಚಿನಲ್ಲೆಲ್ಲ ಚಿತ್ರ ಬಿಡಿಸಿ ಕೂರ್ತೀಯ. ನನ್ನ ಹಿಂದೆ ಬರ್ಬೇಡ. ಚಿತ್ರಕಲೆಗೆ ಹೋಗು.” ಆ ದಿನ ನನಗೆ ಬಹಳ ನೋವಾಗಿತ್ತು, ಅವಳಿಗೆ ನಾನು ಬೇಡವಾದೆ ಅನಿಸಿತ್ತು. ಅವಳು ಈಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ. ನನಗೆ ಸಂಬಳ ತರುವ ಕೆಲಸ, ನಾನು ಇಷ್ಟಪಡುವ ಕೆಲಸ ಎರಡೂ ಆ ಒಂದು ಮಾತಿನಿಂದ ಬಂದದ್ದು. ನಾರ್ಸಿಸಸ್ ಮಾತಾಡುವ ಅಧ್ಯಾಯ ಓದುವಾಗ ಅವಳ ದನಿಯೇ ಕೇಳಿಸುತ್ತಿತ್ತು.

ಮಠ ಬಿಟ್ಟ ಗೋಲ್ಡ್‌ಮಂಡ್ ಅಲೆಯುತ್ತಾನೆ. ಕಾಡು, ಹಳ್ಳಿ, ಹಿಮ. ಒಬ್ಬ ಸರದಾರನ (ನೈಟ್) ಮನೆಯಲ್ಲಿ ಬರವಣಿಗೆ ಕೆಲಸ, ಆ ಮನೆಯ ಮಗಳು ಲಿಡಿಯಾ ಜೊತೆ ಪ್ರೀತಿ, ಅಲ್ಲಿಂದ ಹೊರದಬ್ಬಿಸಿಕೊಳ್ಳುವುದು. ವಿಕ್ಟರ್ ಎಂಬ ಅಲೆಮಾರಿ ರಾತ್ರಿ ಕತ್ತು ಹಿಸುಕಿ ಚಿನ್ನದ ನಾಣ್ಯ ಕದಿಯಲು ಬಂದಾಗ ಅವನನ್ನು ಕೊಂದು ಜೀವ ಉಳಿಸಿಕೊಳ್ಳುವುದು. ಈ ಭಾಗ ಓಡಿಸಿಕೊಂಡು ಹೋಗುತ್ತದೆ, ಆದರೆ ನನ್ನ ಮನಸ್ಸು ನಿಂತದ್ದು ಚಿಕ್ಕದೊಂದು ದೃಶ್ಯದಲ್ಲಿ. ಒಂದು ಹಳ್ಳಿ ಮನೆಯಲ್ಲಿ ಹೆರಿಗೆ. ಗೋಲ್ಡ್‌ಮಂಡ್‌ಗೆ ಉರಿಯುವ ಕಡ್ಡಿ ಹಿಡಿದು ಬೆಳಕು ತೋರಿಸುವ ಕೆಲಸ. ನೋವಿನಲ್ಲಿ ಹಿಂಡಿಹೋದ ಆ ಹೆಂಗಸಿನ ಮುಖ ನೋಡಿ ಅವನು ಬೆರಗಾಗುತ್ತಾನೆ. ಸುಖದ ತುದಿಯಲ್ಲಿ ಮುಖದ ಮೇಲೆ ಮೂಡುವ ಗೆರೆಗಳೇ ನೋವಿನ ತುದಿಯಲ್ಲೂ ಮೂಡುತ್ತವೆ, ಜಾಸ್ತಿ ವ್ಯತ್ಯಾಸ ಇಲ್ಲ. ಇದು ನೂರಕ್ಕೆ ನೂರು ಚಿತ್ರಕಾರನ ಕಣ್ಣು. ಮುಖ ಬರೆಯುವುದನ್ನು ಮಕ್ಕಳಿಗೆ ಕಲಿಸುವಾಗ ನಾನೂ ಇದನ್ನು ನೋಡಿದ್ದೇನೆ. ಅಳುವ ಬಾಯಿ, ನಗುವ ಬಾಯಿ ಎರಡೂ ಅಗಲವಾಗುತ್ತವೆ. ಎರಡರಲ್ಲೂ ಕೆನ್ನೆ ಮೇಲೇರುತ್ತದೆ, ಕಣ್ಣು ಕಿರಿದಾಗುತ್ತದೆ. ಹುಬ್ಬಿನ ಒಂದು ಸಣ್ಣ ಗೆರೆ ತಿರುಗಿಸಿದರೆ ಅಳು ನಗುವಾಗುತ್ತದೆ.

ಆಮೇಲೆ ಒಂದು ಚರ್ಚಿನಲ್ಲಿ ಮರದ ಮರಿಯಮ್ಮನ ಮೂರ್ತಿ ನೋಡುತ್ತಾನೆ. ಅದರ ಮುಖದಲ್ಲಿ ಅದೇ ನೋವು, ಅದೇ ಸುಖ. ಮಾಡಿದವರು ಯಾರು ಎಂದು ಕೇಳಿ, ಬಿಷಪ್ ಇರುವ ನಗರಕ್ಕೆ ನಡೆದು, ನಿಕ್ಲಾಸ್ ಎಂಬ ಗುರುವಿನ ಮನೆ ಬಾಗಿಲು ತಟ್ಟುತ್ತಾನೆ. ಗುರು ಸುಲಭಕ್ಕೆ ಒಪ್ಪುವವನಲ್ಲ. ಏನಾದರೂ ಬರೆದು ತೋರಿಸು ಎನ್ನುತ್ತಾನೆ. ಗೋಲ್ಡ್‌ಮಂಡ್ ನೆನಪಿನಿಂದ ಬರೆಯುವುದು ಯಾರನ್ನು? ನಾರ್ಸಿಸಸ್‌ನನ್ನು.

ನಿಕ್ಲಾಸ್‌ನ ವರ್ಕ್‌ಶಾಪಿನ ಅಧ್ಯಾಯಗಳು ಕಾದಂಬರಿಯ ಅತಿ ಒಳ್ಳೆಯ ಭಾಗ. ಈ ಗುರು ಎರಡು ಬಗೆಯ ಮನುಷ್ಯ. ಆ ಮರಿಯಮ್ಮನನ್ನು ಮಾಡಿದವನೂ ಅವನೇ, ಹಣಕ್ಕಾಗಿ ಚೆಂದದ ಸಾಮಾನು ಮಾಡಿಕೊಡುವವನೂ ಅವನೇ. ಒಳ್ಳೆಯ ಮನೆ, ಸುಂದರ ಮಗಳು, ಊರಿನಲ್ಲಿ ಮರ್ಯಾದೆ, ಕುಶಲಕರ್ಮಿಗಳ ಸಂಘವಾದ ಗಿಲ್ಡಿನಲ್ಲಿ ಸ್ಥಾನ. ಯೋಹಾನನ ಮೂರ್ತಿ ಮುಗಿದಾಗ ನಿಕ್ಲಾಸ್ ಅದನ್ನು ನೋಡಿ ಸೋಲುತ್ತಾನೆ. ಮಗಳನ್ನು ಕೊಡುತ್ತೇನೆ, ವರ್ಕ್‌ಶಾಪೂ ನಿನ್ನದೇ ಎನ್ನುತ್ತಾನೆ. ಗೋಲ್ಡ್‌ಮಂಡ್‌ಗೆ ಬೇಡ. ಮೀನು ಮಾರುಕಟ್ಟೆಯಲ್ಲಿ ಬುಟ್ಟಿಯೊಳಗೆ ಬಾಯಿ ತೆರೆದು ಸಾಯುತ್ತಿರುವ ಮೀನುಗಳನ್ನು ನೋಡುತ್ತಾ ನಿಂತು, ಈ ನೆಮ್ಮದಿಯ ಬದುಕು ನನ್ನದಲ್ಲ ಎಂದು ತೀರ್ಮಾನಿಸುತ್ತಾನೆ.

ಇಲ್ಲಿ ನನಗೆ ಹೆಸ್ಸೆ ಜೊತೆ ಒಂದು ತಕರಾರಿದೆ. ಆರ್ಡರ್ ಹಿಡಿದು ಮಾಡುವ ಕೆಲಸವನ್ನು ಅವನು ಸ್ವಲ್ಪ ಕೀಳಾಗಿ ಕಾಣುತ್ತಾನೆ. ಅಪ್ಪಯ್ಯ ಜೀವನವಿಡೀ ಮಾಡಿದ್ದು ಆರ್ಡರ್ ಕೆಲಸ. ಅಳತೆ ದೇವಸ್ಥಾನದವರದು, ತಾರೀಖು ಜಾತ್ರೆಯದು. ಆದರೂ ಪಲ್ಲಕ್ಕಿಯ ಒಳಮೈಗೆ, ಯಾರ ಕಣ್ಣಿಗೂ ಬೀಳದ ಜಾಗಕ್ಕೆ, ಬಳ್ಳಿಯ ಕೊನೆಯ ಎಲೆ ಕೆತ್ತದೆ ಎದ್ದವರಲ್ಲ. ನಿಕ್ಲಾಸ್‌ನ ಪರವಾಗಿ ಇಷ್ಟಾದರೂ ಹೇಳಬೇಕು. ಗೋಲ್ಡ್‌ಮಂಡ್‌ಗೆ ಉಳಿ ಹಿಡಿಯಲು ಕಲಿಸಿದವನು ಅವನೇ ಅಲ್ವಾ?

ಇನ್ನೊಂದು ತಕರಾರು ದೊಡ್ಡದು. ಈ ಕಾದಂಬರಿಯ ಹೆಂಗಸರು. ಗೋಲ್ಡ್‌ಮಂಡ್‌ಗೆ ದಾರಿಯುದ್ದಕ್ಕೂ ಹೆಂಗಸರು ಸಿಗುತ್ತಾರೆ, ಪ್ರೀತಿಸುತ್ತಾರೆ, ಹಿಂದೆ ಉಳಿಯುತ್ತಾರೆ. ಅವರಿಗೆ ಮುಂದೆ ಏನಾಯಿತು ಎಂದು ಕತೆ ಕೇಳುವುದೇ ಇಲ್ಲ. ಅವರೆಲ್ಲ ಅವನ ಮುಂದಿನ ಮೂರ್ತಿಗೆ ಮುಖ ಕೊಡಲು ಬಂದವರ ಹಾಗೆ ಕಾಣುತ್ತಾರೆ. ಗೆಳೆತನ ಎಂಬ ದೊಡ್ಡ ವಸ್ತು ಗಂಡಸರಿಬ್ಬರ ನಡುವೆಯೇ ಉಳಿದುಬಿಡುತ್ತದೆ. ಒಬ್ಬಳೇ ಒಬ್ಬಳು ಹೆಂಗಸು ಅವನ ಗೆಳತಿಯಾಗಿದ್ದರೆ ಈ ಪುಸ್ತಕ ಇನ್ನೂ ದೊಡ್ಡದಾಗುತ್ತಿತ್ತು. ಸ್ವಲ್ಪ ಹತ್ತಿರ ಬರುವುದು ರೆಬೆಕ್ಕಾ ಮಾತ್ರ. ಪ್ಲೇಗ್ ಬಂದ ವರ್ಷ, ರೋಗಕ್ಕೆ ಯಹೂದಿಗಳೇ ಕಾರಣ ಎಂದು ಜನ ಅವರನ್ನು ಸುಡುತ್ತಾರೆ. ರೆಬೆಕ್ಕಾಳ ಅಪ್ಪನೂ ಹಾಗೆ ಸತ್ತವನು. ಗೋಲ್ಡ್‌ಮಂಡ್‌ನ ಸಿಹಿ ಮಾತಿಗೆ ಅವಳು ಬಗ್ಗುವುದಿಲ್ಲ. ಅವಳ ದುಃಖ ಅವಳದೇ ಆಗಿ ಉಳಿಯುತ್ತದೆ, ಅವನ ಕಲೆಗೆ ಸಾಮಾನು ಆಗುವುದಿಲ್ಲ. ಇಡೀ ಪುಸ್ತಕದಲ್ಲಿ ಅವನು ನಿಜವಾಗಿ ತಲೆ ತಗ್ಗಿಸುವುದು ಅವಳ ಮುಂದೆ.

ಈ ಭಾಗಕ್ಕೆ ಹೊರಗಿನ ಒಂದು ಕತೆಯೂ ಇದೆ. ಹಿಟ್ಲರನ ಕಾಲದಲ್ಲಿ, ಯಹೂದಿಗಳನ್ನು ಸುಡುವ ಪುಟಗಳನ್ನು ತೆಗೆದರೆ ಪುಸ್ತಕ ಮತ್ತೆ ಅಚ್ಚಾಗಬಹುದು ಎಂಬ ಸ್ಥಿತಿ ಬಂತು. ಹೆಸ್ಸೆ ಒಪ್ಪಲಿಲ್ಲ. ಪುಸ್ತಕ ಜರ್ಮನಿಯಲ್ಲಿ ಮರುಮುದ್ರಣವಾಗದೆ ನಿಂತಿತು. ಅವನಿಗೆ ನೊಬೆಲ್ ಬಂದದ್ದು ಯುದ್ಧ ಮುಗಿದ ಮೇಲೆ, 1946ರಲ್ಲಿ.

ನಮ್ಮ ಮಂಗಳೂರಿಗೂ ಹೆಸ್ಸೆಗೂ ಇರುವ ನಂಟನ್ನು ಇಲ್ಲಿ ಹೇಳಬೇಕು. ಅವನ ತಾಯಿ ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ತಾಯಿಯ ಅಪ್ಪ ಹರ್ಮನ್ ಗುಂಡರ್ಟ್, ಮಲಯಾಳಕ್ಕೆ ದೊಡ್ಡ ನಿಘಂಟು ಮಾಡಿಕೊಟ್ಟ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು. ಇತ್ತ ಮಂಗಳೂರಿನಲ್ಲಿದ್ದವರು ಹರ್ಮನ್ ಮೋಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರು, ಕನ್ನಡದ ಮೊದಲ ಪತ್ರಿಕೆ. ಗುಂಡರ್ಟ್ ಮತ್ತು ಮೋಗ್ಲಿಂಗ್ ಗೆಳೆಯರು. ಒಂದೇ ಕರಾವಳಿ, ಒಂದೇ ಮಿಷನ್, ಒಬ್ಬರ ಪಾಲಿಗೆ ಮಲಯಾಳ, ಇನ್ನೊಬ್ಬರ ಪಾಲಿಗೆ ಕನ್ನಡ. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆ ಬಂತು. ಬರೆದವರು ಗುಂಡರ್ಟ್. ತೀರಿಹೋದ ಗೆಳೆಯನ ಮುಖವನ್ನು ಅಜ್ಜ ಅಕ್ಷರದಲ್ಲಿ ಕೆತ್ತಿದ್ದರು. ದೂರದ ಗೆಳೆಯನ ಮುಖವನ್ನು ಮರದಲ್ಲಿ ಕೆತ್ತುವವನ ಕತೆ ಮೊಮ್ಮಗ ಬರೆದ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುವುದಿಲ್ಲ. ಆದರೆ ಬಲ್ಮಠದ ದಾರಿಯಲ್ಲಿ ಶಾಲೆಯಿಂದ ವಾಪಸ್ ಬರುವಾಗ ಇದು ನೆನಪಾಗಿ ಸಂತೋಷವಾಗುತ್ತದೆ.

ಕೊನೆಯ ಭಾಗಕ್ಕೆ ಬರುತ್ತೇನೆ. ಕತೆ ಗೊತ್ತಾಗಬಾರದು ಎನ್ನುವವರು ಮುಂದಿನ ಎರಡು ಪ್ಯಾರಾ ಬಿಡಬಹುದು.

ಗವರ್ನರನ ಪ್ರೇಯಸಿ ಆಗ್ನೆಸ್ ಜೊತೆ ಸಿಕ್ಕಿಬಿದ್ದು ಗೋಲ್ಡ್‌ಮಂಡ್‌ಗೆ ಮರಣದಂಡನೆಯಾಗುತ್ತದೆ. ಬೆಳಗ್ಗೆ ತಪ್ಪೊಪ್ಪಿಗೆ ಕೇಳಲು ಪಾದ್ರಿ ಬರುತ್ತಾನೆ, ಅವನನ್ನು ಕೊಂದು ಅವನ ಬಟ್ಟೆ ತೊಟ್ಟು ಓಡಿಹೋಗಬೇಕು ಎಂದು ಕತ್ತಲೆಯಲ್ಲಿ ಕೂತು ಯೋಚಿಸಿರುತ್ತಾನೆ. ಬರುವ ಪಾದ್ರಿ ನಾರ್ಸಿಸಸ್. ಈಗ ಅವನೇ ಮಠದ ಮುಖ್ಯಸ್ಥ. ಬೇರೆ ಲೇಖಕನಾಗಿದ್ದರೆ ಇದು ಸಿನಿಮಾ ಥರ ಅನಿಸುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. ಅಷ್ಟು ಹೊತ್ತಿಗೆ ನಾರ್ಸಿಸಸ್ ಬರಬೇಕು ಅಂತ ಓದುವವರೇ ಕಾಯುತ್ತಿರುತ್ತಾರೆ. ಮಠಕ್ಕೆ ವಾಪಸ್ ಹೋಗಿ ಗೋಲ್ಡ್‌ಮಂಡ್ ಊಟದ ಮನೆಯ ಓದು-ಪೀಠಕ್ಕೆ ಕೆತ್ತನೆ ಮಾಡುತ್ತಾನೆ. ಮಠದ ಹಿಂದಿನ ಮುಖ್ಯಸ್ಥ, ತೀರಿಹೋದ ಡೇನಿಯಲ್ ಅದರಲ್ಲಿ ಮತ್ತೆ ಬರುತ್ತಾನೆ. ಅದರ ಮುಂದೆ ನಿಂತ ನಾರ್ಸಿಸಸ್‌ಗೆ ಮೊದಲ ಸಲ ಸಂಶಯ ಬರುತ್ತದೆ. ಪುಸ್ತಕ, ತರ್ಕ, ಶಿಸ್ತು ಇವುಗಳಿಂದ ತಾನು ತಲುಪಿದ ಕಡೆಗೆ ಇವನು ಕೆಸರು, ರಕ್ತ, ಪ್ರೀತಿಯ ದಾರಿಯಲ್ಲಿ ಬಂದಿದ್ದಾನೆ, ಬಹುಶಃ ಇನ್ನೂ ಮುಂದಕ್ಕೆ. ಹುಡುಗನಿಗೆ ಪಾಠ ಹೇಳಿದವನು ಈಗ ಹುಡುಗನಿಂದ ಕಲಿಯುತ್ತಾನೆ. ಗೆಳೆತನದ ಲೆಕ್ಕ ಅಲ್ಲಿಗೆ ಸಮವಾಗುತ್ತದೆ. ಈ ಅಧ್ಯಾಯಗಳಲ್ಲಿ ಇಬ್ಬರೂ ಕೂತು ಬುದ್ಧಿ ದೊಡ್ಡದೋ ಕಲೆ ದೊಡ್ಡದೋ ಅಂತ ಮಾತಾಡುವುದು ಮಾತ್ರ ಉದ್ದವಾಯಿತು. ಮೂರ್ತಿ ಅದನ್ನೆಲ್ಲ ಹೇಳಿಯಾಗಿದೆ.

ಗೋಲ್ಡ್‌ಮಂಡ್ ಜೀವನವಿಡೀ ಮಾಡಬೇಕೆಂದುಕೊಂಡದ್ದು ಎಲ್ಲರ ತಾಯಿಯಾದ ಒಬ್ಬ ತಾಯಿಯ ಮೂರ್ತಿ. ಅದು ಆಗುವುದೇ ಇಲ್ಲ. ಸಾಯುವಾಗ ಅವನಿಗೆ ಅದರ ದುಃಖವೂ ಇಲ್ಲ. ತಾನು ಅವಳನ್ನು ಕೆತ್ತುವ ಬದಲು ಅವಳೇ ತನ್ನನ್ನು ಕೆತ್ತುತ್ತಿದ್ದಾಳೆ ಎನ್ನುತ್ತಾನೆ. ಹೆಸ್ಸೆಯ ತಾಯಿ 1902ರಲ್ಲಿ ತೀರಿಕೊಂಡಾಗ ಅವನು ಅಂತ್ಯಕ್ರಿಯೆಗೆ ಹೋಗಿರಲಿಲ್ಲ. ಅದು ಗೊತ್ತಿದ್ದು ಓದಿದರೆ ಈ ಪುಟಗಳು ಇನ್ನೂ ಭಾರವಾಗುತ್ತವೆ. ಗೋಲ್ಡ್‌ಮಂಡ್‌ನ ಹಾಸಿಗೆಯ ಪಕ್ಕದಲ್ಲಿ ನಾರ್ಸಿಸಸ್ ಇದ್ದಾನೆ. ಜೀವನದಲ್ಲಿ ಎಂದೂ ಬಾಯಿಬಿಟ್ಟು ಹೇಳದ ಮಾತನ್ನು ಈಗ ಹೇಳುತ್ತಾನೆ: ಪ್ರೀತಿ ಅಂದರೆ ಏನು ಅಂತ ನನಗೆ ಸ್ವಲ್ಪವಾದರೂ ಗೊತ್ತಾಗಿದ್ದರೆ ಅದು ನಿನ್ನಿಂದ. ಅದಕ್ಕೆ ಗೋಲ್ಡ್‌ಮಂಡ್ ಕೊಡುವ ಕೊನೆಯ ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಪುಸ್ತಕದಲ್ಲೇ ಓದಿ.

ಪುಸ್ತಕ ಬಂದ ಮರುವರ್ಷ, 1931ರಲ್ಲಿ, ಹೆಸ್ಸೆಗೆ ಸ್ವಿಟ್ಜರ್‌ಲೆಂಡಿನ ಮೊಂಟಾಞೋಲಾದಲ್ಲಿ ಒಂದು ಮನೆ ಸಿಕ್ಕಿತು. ಗೆಳೆಯ ಹಾನ್ಸ್ ಬೋಡ್ಮರ್ ಕಟ್ಟಿಸಿ, ಬದುಕಿರುವ ತನಕ ಇಲ್ಲಿರು ಎಂದು ಕೊಟ್ಟದ್ದು. 1962ರಲ್ಲಿ ಸಾಯುವ ತನಕ ಅವನು ಅದೇ ಮನೆಯಲ್ಲಿದ್ದ. ಕಲೆಯನ್ನು ಗೆಳೆತನ ಹೇಗೆ ಸಾಕುತ್ತದೆ ಅನ್ನುವುದಕ್ಕೆ ಕಾದಂಬರಿಯ ಹೊರಗೂ ಸಾಕ್ಷಿ ಇದೆ.

ಯಾರು ಓದಬಹುದು? ಹೈಸ್ಕೂಲು ಮಕ್ಕಳಿಗೆ ನಾನು ಕೊಡುವುದಿಲ್ಲ, ಪ್ರೇಮ ಪ್ರಸಂಗಗಳೂ ಪ್ಲೇಗಿನ ಸಾವುಗಳೂ ಜಾಸ್ತಿ ಇವೆ. ಕಾಲೇಜು ಮೆಟ್ಟಿಲು ಹತ್ತಿದವರು, ಏನು ಓದಬೇಕು, ಯಾರ ಹಾಗೆ ಆಗಬೇಕು ಎಂದು ಗೊಂದಲದಲ್ಲಿರುವವರು ಖಂಡಿತ ಓದಬೇಕು. ಚಿತ್ರಕಲೆ, ಶಿಲ್ಪ ಕಲಿಯುವವರಂತೂ ವರ್ಕ್‌ಶಾಪಿನ ಅಧ್ಯಾಯಗಳನ್ನು ಎರಡು ಸಲ ಓದಿ. ಮೊದಲ ಆರು ಅಧ್ಯಾಯ ನಿಧಾನ ಅನಿಸಬಹುದು. ಸುಮ್ನೆ ಹಾರಿಸಬೇಡಿ, ಆಮೇಲಿನದೆಲ್ಲ ಅಲ್ಲಿಂದಲೇ ಬೆಳೆಯುವುದು. 2020ರಲ್ಲಿ ಇದು ಸಿನಿಮಾ ಕೂಡ ಆಗಿದೆ. ಮೊದಲು ಪುಸ್ತಕ ಓದಿ, ಯೋಹಾನನ ಮುಖ ನಿಮ್ಮ ಮನಸ್ಸಿನಲ್ಲೇ ಮೂಡಲಿ.

ನಾನು ನನ್ನ ಪ್ರತಿಯನ್ನು ಹುಬ್ಬಳ್ಳಿಗೆ ಪೋಸ್ಟ್ ಮಾಡಿದೆ. ಓದಿ ಮುಗಿಸಿದವಳೇ ಫೋನ್ ಮಾಡಿದಳು. ಅವಳ ಪ್ರಕಾರ ನಿಜವಾದ ಕಲಾವಿದ ನಾರ್ಸಿಸಸ್, ಅವನು ಕೆತ್ತಿದ್ದು ಒಬ್ಬ ಮನುಷ್ಯನನ್ನು. ನಾನು ಒಪ್ಪಿಲ್ಲ. ವಾದ ಇನ್ನೂ ನಡೆಯುತ್ತಿದೆ.